ಘಮ ಮುಡಿದವಳು

ಅಂಬಿಕಾ ನಮ್ಮ ಬೀದಿಯ ತಿರುವಿನಲ್ಲಿ ಕಾಣಿಸಿಕೊಳ್ಳುವ ಮೊದಲೇ ಅವಳ ಗುಲಾಬಿ ಬಂದುಬಿಡುತ್ತಿತ್ತು. ನಾನು ಹೊಲಿಗೆ ಮಷೀನಿನ ಮುಂದೆ ತಲೆ ಬಗ್ಗಿಸಿ ಯಾರದೋ ರವಿಕೆಗೆ ಕೊಕ್ಕೆ ಹಾಕುತ್ತಾ ಕೂತಿರುತ್ತಿದ್ದೆ. ಅವಳು ಬಂದಳು ಅಂತ ಮೂಗು ಹೇಳುತ್ತಿತ್ತು. ಸೂಳೆಕೆರೆಯ ದಂಡೆಯ ಊರು ನಮ್ಮದು. ಬೆಳಗಾದರೆ ಬಲೆ, ಕೆಸರು, ಹಸಿ ಮೀನು. ಆ ವಾಸನೆಯ ನಡುವೆ ಮದುವೆ ಮನೆಯ ಹಾಗೆ ಘಮಘಮಿಸುತ್ತಾ ಒಬ್ಬಳು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಹೋದರೆ ಜನ ಸುಮ್ಮನಿರುತ್ತಾರೆಯೇ? "ಮೀನಿಗೂ ಅತ್ತರು ಹಚ್ಚೀಯೇನೇ?" ಎಂದು ಕೇಳುವವರು ಕೇಳುತ್ತಿದ್ದರು. "ಹಚ್ಚೀನಿ, ನಿನ್ನ ಸಾರು ಘಮ್ ಅಂತೈತೆ, ತಗಾ" ಎಂದು ಅವಳು ತೂಗಿ ಕೊಟ್ಟು ಮುಂದೆ ಹೋಗುತ್ತಿದ್ದಳು.

ಅದು ಅವಳ ಶೋಕಿಯಲ್ಲ, ಅತ್ತೆ ಕಲಿಸಿದ ಪಾಠ. ಅತ್ತೆ ಅಂತರಘಟ್ಟಮ್ಮ ಒಂದು ಕಾಲಕ್ಕೆ ತಾನೂ ಮೀನು ಮಾರಿದವಳೇ. ಸೊಸೆ ಮನೆ ತುಂಬಿದ ವಾರವೇ ಅವಳನ್ನು ಸಂತೇಬೆನ್ನೂರಿನ ಸಂತೆಗೆ ಕರೆದುಕೊಂಡು ಹೋಗಿ, ಮರದ ಪೆಟ್ಟಿಗೆ ಇಟ್ಟುಕೊಂಡು ಕೂರುವ ಅತ್ತರ್ ಸಾಬರ ಮುಂದೆ ನಿಲ್ಲಿಸಿದ್ದಳಂತೆ. ಗಂಧದೆಣ್ಣೆಯಲ್ಲಿ ಇಳಿಸಿದ ಗುಲಾಬಿ; ಕಿರುಬೆರಳಿನಷ್ಟು ಸೀಸೆ. "ಮಾರೋತಂಕ ಅದು ಮೀನಿನ ಕೈ. ಮನಿಗೆ ಬಂದ ಮ್ಯಾಲೆ ಅದು ಅನ್ನದ ಕೈ ಆಗಬೇಕು" ಎಂದು ಹೇಳಿ ಮಣಿಕಟ್ಟಿಗೆ ಹಚ್ಚಿಸಿದಳು. ಅವತ್ತಿನಿಂದ ಆ ಮನೆಯ ನಿಯಮ ಅದೇ ಆಯಿತು. ಮಾರಿ ಬಂದ ಮೇಲೆ ಸ್ನಾನ, ಆಮೇಲೆ ಅತ್ತರು, ಆಮೇಲೆ ಅನ್ನದ ಪಾತ್ರೆ. ಬೆಳಗಿನ ಅಡುಗೆಗೂ ಮುಂಚೆ ಹಚ್ಚುತ್ತಿದ್ದಳು, ಆ ಘಮವೇ ಬುಟ್ಟಿಯ ಜೊತೆ ಬೀದಿಗೆ ಇಳಿಯುತ್ತಿತ್ತು.

ಒಮ್ಮೆ ನನಗೂ ಹಚ್ಚಿದ್ದಳು. ಸುಳ್ಳು ಯಾಕೆ ಹೇಳಲಿ, ಆ ದಿನ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ನಡೆದೆ. ಯಾರ ಮನೆಯ ಹಳೇ ಸೀರೆ ಉಟ್ಟಿದ್ದರೂ ಆ ಘಮ ಮೈಮೇಲಿದ್ದರೆ ಹೆಂಗಸು ತನ್ನನ್ನು ತಾನು ಸ್ವಲ್ಪ ಮರ್ಯಾದೆಯಿಂದ ನೋಡಿಕೊಳ್ಳುತ್ತಾಳೆ.

ಅಂಬಿಕಾಳ ಗಂಡ ಜಯಪ್ಪ ಕಾಮಾಲೆಯಲ್ಲಿ ತೀರಿಕೊಂಡ. ಮಗಳು ಸುಚಿತ್ರಾ ಆಗ ಇನ್ನೂ ಹೈಸ್ಕೂಲು. ಬೀದಿಯ ಹೆಂಗಸರು ಸೇರಿ ಅಂಬಿಕಾಳ ಬಳೆ ಒಡೆದರು, ಹೂವು ತೆಗೆದರು. ಅತ್ತರನ್ನು ಅವಳೇ ಬಿಟ್ಟಳು. ತಿಂಗಳು ಕಳೆದಿರಬೇಕು, ಒಂದು ಸಂತೆಯ ದಿನ ಅತ್ತೆಯೇ ಹೋಗಿ ಹೊಸ ಸೀಸೆ ತಂದು, ನಾವೆಲ್ಲ ನಲ್ಲಿಯ ಹತ್ತಿರ ನಿಂತಿರುವಾಗಲೇ ಸೊಸೆಯ ಕೈ ಹಿಡಿದೆಳೆದು ಹಚ್ಚಿದಳು. ಯಾರೋ ಮೂಗು ಮುರಿದರು. ಮುದುಕಿ ತಿರುಗಿ ನಿಂತಳು.

"ಹೂವ ಮುಡಿಬ್ಯಾಡ ಅಂದ್ರಿ, ಮುಡಿಯಲ್ಲ ಬಿಡ್ರಿ. ಘಮ ಮುಡಿಬ್ಯಾಡ ಅಂದೋರು ಯಾರು? ಕಣ್ಣಿಗೆ ಕಾಣ್ತೈತೇನು ಕಿತ್ತಾಕಾಕೆ?"

ಕೊಡ ತುಂಬಿದವರು ತುಂಬಿದ ಹಾಗೆ ಹೊರಟರು.

ಆಮೇಲೆ ಬಂತಲ್ಲ ಕೊರೊನಾ ಜ್ವರ, ಅದು ಅಂಬಿಕಾಳ ಜೀವ ಬಿಟ್ಟು ಮೂಗನ್ನು ತೆಗೆದುಕೊಂಡು ಹೋಯಿತು. ಎಲ್ಲರಿಗೂ ತಿಂಗಳೆರಡು ತಿಂಗಳಲ್ಲಿ ವಾಸನೆ ತಿರುಗಿ ಬಂತು, ಅವಳಿಗೆ ಬರಲೇ ಇಲ್ಲ. ಹಸಿ ಮೀನೂ ಇಲ್ಲ, ಒಗ್ಗರಣೆಯೂ ಇಲ್ಲ, ಗುಲಾಬಿಯೂ ಇಲ್ಲ. ಹಚ್ಚಿದ್ದು ಸಾಕಾಯಿತೋ ಇಲ್ಲವೋ ಗೊತ್ತಾಗದೆ ಸುರಿದುಕೊಳ್ಳತೊಡಗಿದಳು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕಿಟಕಿ ತೆಗೆಯುತ್ತಿದ್ದರು. ಕೊನೆಗೆ ನಾನೇ ಅವಳ ಮೂಗಾದೆ. ಬೆಳಿಗ್ಗೆ ನನ್ನ ಬಾಗಿಲಿಗೆ ಬಂದು ಕೈ ಚಾಚುತ್ತಿದ್ದಳು. "ನೇತ್ರಕ್ಕ, ಒಂಚೂರು ಮೂಸ್ರಿ." ನಾನು ಮೂಸಿ, "ಸಾಕು" ಅಂತಲೋ "ಹೆಚ್ಚಾತು ಕಣೇ, ಒರಸ್ಕಾ" ಅಂತಲೋ ಹೇಳಿ ಮಷೀನು ತುಳಿಯುತ್ತಿದ್ದೆ.

ತನಗೇ ಬಾರದ ಘಮವನ್ನು ಯಾಕೆ ಹಚ್ಚಿಕೊಳ್ಳಬೇಕು ಎಂದು ನೀವು ಕೇಳಬಹುದು. ಅದು ಅತ್ತೆಗಾಗಿ. ಅಂತರಘಟ್ಟಮ್ಮನಿಗೆ ಮೊದಲು ಕಣ್ಣು ಹೋಯಿತು. ನರ ಒಣಗಿದೆ, ಆಪರೇಷನ್ನಿಗೂ ಬರುವುದಿಲ್ಲ ಎಂದರು ಡಾಕ್ಟರು. ಕಳೆದ ವರ್ಷ ಕಿವಿಯೂ ಪೂರ್ತಿ ಹೋಯಿತು. ಕತ್ತಲಲ್ಲಿ, ಸದ್ದಿಲ್ಲದ ಕಡೆ ಕೂತಿದ್ದ ಮುದುಕಿಗೆ ಯಾರು ಬಂದರು, ಯಾರು ಹೋದರು ಎಂದು ತಿಳಿಸುವುದು ಮೂಗು ಒಂದೇ. ಮುಟ್ಟಿ ತಿಳಿಯೋಣವೆಂದರೆ ನಮ್ಮ ಬೀದಿಯ ಹೆಂಗಸರ ಕೈಗಳೆಲ್ಲ ಒಂದೇ. ಬಲೆ ಎಳೆದು, ಮೀನು ಉಜ್ಜಿ, ಪಾತ್ರೆ ತಿಕ್ಕಿ ಎಲ್ಲವೂ ಜಡ್ಡುಗಟ್ಟಿವೆ. ಅಂಬಿಕಾ ತುತ್ತು ತಂದರೆ ಮುದುಕಿ ಮೊದಲು ಆ ಕೈಯನ್ನು ಹಿಡಿದು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು. ಗುಲಾಬಿ ಬಂದರೆ ಬಾಯಿ ತೆರೆಯುತ್ತಿದ್ದಳು. ನಾನು ಒಂದೆರಡು ಸಲ ಉಣಿಸಲು ಹೋಗಿ ಬೈಸಿಕೊಂಡು ಬಂದಿದ್ದೇನೆ. ಗುಲಾಬಿ ಇಲ್ಲದ ಕೈಯಿಂದ ನೀರನ್ನೂ ಕುಡಿಯುತ್ತಿರಲಿಲ್ಲ ಆಕೆ.

ಸುಚಿತ್ರಾಳಿಗೆ ಇದೆಲ್ಲ ಸರಿಯಾಗಿ ತಿಳಿದಿರಲಿಲ್ಲ. ಅವಳು ಹೊನ್ನಾಳಿಯಲ್ಲಿ ಒಂದು ಖಾಸಗಿ ಶಾಲೆಯಲ್ಲಿ ಟೀಚರು, ಅಲ್ಲೇ ರೂಮು ಮಾಡಿಕೊಂಡಿದ್ದಾಳೆ. ಬಂದರೆ ಭಾನುವಾರ, ಮಧ್ಯಾಹ್ನ ಬಂದು ಸಂಜೆ ಬಸ್ಸಿಗೆ ಹೊರಡುವವಳು. ಅಜ್ಜಿ ಅಮ್ಮನ ಕೈ ಮೂಸುವುದನ್ನು ಮುದುಕರ ಒಂದು ಚಾಳಿ ಎಂದುಕೊಂಡಿದ್ದಳು. ಅವಳಿಗೆ ಕಾಣುತ್ತಿದ್ದುದು ಬೇರೆ. ಗಂಡ ಸತ್ತ ಅಮ್ಮ, ತಲೆಯ ಮೇಲೆ ಮೀನಿನ ಬುಟ್ಟಿ, ಮೈಯೆಲ್ಲ ಗುಲಾಬಿ. ಅದನ್ನು ನೋಡಿ ನಗುವ ಬಸ್ಸು. ಓದಿ ಕೆಲಸಕ್ಕೆ ಸೇರಿದ ಹುಡುಗಿಗೆ ಅವಮಾನವಾಗುವುದು ದೊಡ್ಡ ಮಾತಲ್ಲ. ನನಗೆ ಸಿಟ್ಟು ಬಂದಿದ್ದು ಆಮೇಲೆ ಅವಳು ಹೇಳಿದ ಒಂದು ಸುಳ್ಳಿಗೆ.

ಜಗಳೂರಿನಿಂದ ಸಂಬಂಧ ಬಂದಿತ್ತು. ಹುಡುಗ ಪ್ರಸನ್ನಕುಮಾರ್ ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ನೌಕರ. ಅವನ ತಾಯಿ ತಿಪ್ಪಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಬಹಳ ನೇಮದಿಂದ ಮಗನನ್ನು ಬೆಳೆಸಿದವಳು, ಬಿಳಿ ಸೀರೆ ಬಿಟ್ಟರೆ ಬೇರೆ ಉಟ್ಟವಳಲ್ಲ ಎಂದು ಸಂಬಂಧ ತಂದವರು ಹೊಗಳಿದ್ದರು. ಆ ಹೊಗಳಿಕೆಯೇ ಸುಚಿತ್ರಾಳಿಗೆ ದಿಗಿಲು ಹುಟ್ಟಿಸಿತು. ಅಂಥ ಹೆಂಗಸು ನಮ್ಮಮ್ಮನ ಹತ್ತಿರ ಕೂತರೆ ಏನೆಂದುಕೊಂಡಾಳು?

ಭಾನುವಾರ ಅವರು ನೋಡಲು ಬರುವವರು. ನಾನು ಆ ವಾರ ನ್ಯಾಮತಿಯಲ್ಲಿ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆ. ನಾನಿದ್ದಿದ್ದರೆ ಇದು ನಡೆಯುತ್ತಿರಲಿಲ್ಲ. ಈ ಸಲ ಹಿಂದಿನ ದಿನವೇ ಬಂದಿದ್ದ ಸುಚಿತ್ರಾ ಶನಿವಾರ ಸಂಜೆ ಬಚ್ಚಲಿಗೆ ಹೋಗಿ ಅಮ್ಮನ ಅತ್ತರಿನ ಸೀಸೆಯನ್ನು ಚರಂಡಿಗೆ ಬಗ್ಗಿಸಿ, ಅದೇ ಸೀಸೆಗೆ ಅಡುಗೆಯ ಸೂರ್ಯಕಾಂತಿ ಎಣ್ಣೆ ತುಂಬಿಟ್ಟಳು. ಬಣ್ಣ ಅದೇ, ಜಿಡ್ಡು ಅದೇ. ಬೆರಳಿಗೆ ಮೆತ್ತಿದ್ದನ್ನು ತನ್ನ ಚೂಡಿದಾರದ ವೇಲಿಗೆ ಒರೆಸಿ, ಮನೆಯೆಲ್ಲ ಘಮ ಹರಡದಿರಲೆಂದು ಆ ವೇಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತುರುಕಿದಳು. ಎರಡು ದಿನದ ಮಾತು, ಆಮೇಲೆ ಹೊಸ ಸೀಸೆ ತಂದುಕೊಟ್ಟರಾಯಿತು ಎಂಬ ಲೆಕ್ಕ ಅವಳದು.

ಆ ರಾತ್ರಿಯೇ ಮುದುಕಿ ತುತ್ತು ನೂಕಿದಳು. ಹೊಟ್ಟೆ ಸರಿಯಿಲ್ಲವೇನೋ ಎಂದುಕೊಂಡಳು ಅಂಬಿಕಾ. ಬೆಳಿಗ್ಗೆಯೂ ಹಾಗೇ. ಕೈ ಹಿಡಿದು ಮೂಸಿ, ತಳ್ಳಿ, "ಅಂಬಿಕಾ ಎಲ್ಲಿ? ಅಂಬಿಕಾನ ಕರೀರಿ" ಎಂದಳು. ಅಂಬಿಕಾ ಮತ್ತೆ ಸೀಸೆ ಬಗ್ಗಿಸಿಕೊಂಡು ಮಣಿಕಟ್ಟಿಗೆ, ಕತ್ತಿಗೆ, ಕಿವಿಯ ಹಿಂದೆ ಹಚ್ಚಿದಳು. ಅನುಮಾನ ಬಂದು ಮಗಳ ಮುಂದೆ ಕೈ ಚಾಚಿದಳು.

"ನೇತ್ರಕ್ಕ ಊರಾಗಿಲ್ಲ. ನೀನೇ ನೋಡೇ. ಘಮ ಐತಾ?"

"ಐತಮ್ಮ" ಎಂದಳು ಸುಚಿತ್ರಾ.

ಇದೇ ಆ ಸುಳ್ಳು.

ಜಗಳೂರಿನವರು ಹೊತ್ತೇರುವ ಮುಂಚೆಯೇ ಬಂದರು. ತಿಪ್ಪಮ್ಮ, ಹುಡುಗ, ಅವನ ಸೋದರಮಾವ ಗಿಡ್ಡಪ್ಪ, ಜೊತೆಗೆ ನೆಂಟರ ಹೆಂಗಸರು. ಅಂಬಿಕಾ ಅವರಿಗೆಂದು ಮೀನು ಹುರಿದಿದ್ದಳು. ಆ ವಾಸನೆ ಹೋಗಲೆಂದು ಸುಚಿತ್ರಾ ನಡುಮನೆಯಲ್ಲಿ, ಅಜ್ಜಿಯ ಮಂಚದ ಪಕ್ಕದಲ್ಲೇ, ಒಂದು ಕಟ್ಟು ಊದಿನಕಡ್ಡಿ ಹಚ್ಚಿಟ್ಟಳು. ಬಂದವರು ಮರ್ಯಾದಸ್ಥರು, ಮನೆಗೆ ಹಿರಿಯಳೆಂದು ಒಬ್ಬೊಬ್ಬರಾಗಿ ಬಂದು ಮುದುಕಿಯ ಕಾಲು ಮುಟ್ಟಿದರು. ತಿಪ್ಪಮ್ಮ ಅವಳ ಎರಡೂ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು.

ಇನ್ನು ಆ ಮುದುಕಿಯ ಕತ್ತಲಲ್ಲಿ ಕೂತು ಯೋಚನೆ ಮಾಡಿ. ನಿನ್ನೆ ರಾತ್ರಿಯಿಂದ ಸೊಸೆಯ ಘಮ ಇಲ್ಲ. ಯಾವುದೋ ಕೈ ಉಣಿಸಲು ಬರುತ್ತದೆ. ಬೆಳಿಗ್ಗೆ ಕರೆದರೂ ಅವಳು ಬರಲಿಲ್ಲ. ಈಗ ಮನೆ ತುಂಬ ಹೆಜ್ಜೆ, ನೆಲ ಅದುರುತ್ತಿದೆ. ಗುರುತಿಲ್ಲದ ಜನ ಬಂದು ಕಾಲು ಮುಟ್ಟುತ್ತಾರೆ, ಕೈ ಹಿಡಿದು ಸುಮ್ಮನೆ ಕೂರುತ್ತಾರೆ. ಪಕ್ಕದಲ್ಲಿ ಊದಿನಕಡ್ಡಿಯ ಹೊಗೆ. ಗಂಡ ಸತ್ತಾಗ, ಮಗ ಸತ್ತಾಗ ಆ ಮನೆಯಲ್ಲಿ ಹೀಗೆಯೇ ಆಗಿತ್ತು.

ನಾನು ಬಸ್ಸಿಳಿದಾಗ ಮಧ್ಯಾಹ್ನ. ಬೀದಿಯ ತಿರುವಿಗೆ ಬಂದರೆ ಗುಲಾಬಿ. ಅಂಬಿಕಾ ಎದುರಿಗೆ ಬರುತ್ತಿರಬೇಕು ಎಂದು ತಲೆಯೆತ್ತಿದೆ, ಯಾರೂ ಇಲ್ಲ. ಘಮ ಬರುತ್ತಿದ್ದುದು ಚರಂಡಿಯಿಂದ. ಕಪ್ಪು ಕೊಚ್ಚೆಯ ಮೇಲೆ ಎಣ್ಣೆಯ ಪದರ ತೇಲುತ್ತಿತ್ತು. ಏನಿದು ಎಂದು ನಿಂತವಳಿಗೆ ಅಂಬಿಕಾಳ ಮನೆಯೊಳಗಿಂದ ಹಾಡಿ ಅಳುವ ದನಿ ಕೇಳಿಸಿತು. ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಸತ್ತವರ ಗುಣ ಹೇಳಿಕೊಂಡು ಅಳುತ್ತಾರಲ್ಲ, ಆ ದನಿ. ಚೀಲವನ್ನು ಜಗಲಿಯ ಮೇಲೆ ಎಸೆದು ಓಡಿದೆ.

ಮಂಚದ ಮೇಲೆ ಅಂತರಘಟ್ಟಮ್ಮ ತಲೆಗೂದಲು ಬಿಚ್ಚಿಕೊಂಡು, ಎದೆಗೆ ಕೈ ಬಡಿದುಕೊಳ್ಳುತ್ತಾ, ತೂಗುತ್ತಾ ಹಾಡುತ್ತಿದ್ದಳು.

"ಹೋದ್ಯೇನೇ ನನ್ನವ್ವಾ, ನನ್ನ ಬಿಟ್ಟು ಹೋದ್ಯೇನೇ...
ಮುಂದೆ ಹೋಗಾಕೆ ನಾನಿದ್ದೆ, ಸಾಲು ತಪ್ಪಿಸಿ ಹೋದ್ಯೇನೇ...
ಹೊಟ್ಟೇಲಿ ಹುಟ್ಟಿದೋನು ಅರ್ಧ ದಾರೀಲಿ ಕೈಬಿಟ್ಟ,
ಎಲ್ಲೋ ಹುಟ್ಟಿದಾಕೆ ನೀನು ಹಿಡಕಂಡಿದ್ಯಲ್ಲೇ...
ಕಣ್ಣು ಹೋತು, ಕಿವಿ ಹೋತು, ನಿನ್ನ ಘಮ ಒಂದಿತ್ತು,
ಅದನ್ನೂ ತಗಂಡು ಹೋದ್ಯೇನೇ...
ಗಂಡ ಸತ್ತ ದಿನ ನನ್ನತ್ತೆ ನನ್ನ ಸೀಸೆ ಕಲ್ಲಿಗೆ ಒಡೆದಳಲ್ಲೇ,
ಹಚ್ಚೋರಿಲ್ಲದೆ ಮುದುಕಿ ಆದೆನಲ್ಲೇ...
ನನಗಾದದ್ದು ನಿನಗೆ ಬ್ಯಾಡ ಅಂತ ನಿನ್ನ ಸೀಸೆ ತುಂಬಿಸಿದ್ನಲ್ಲೇ...
ನೀನು ಮುಡಕಂಡ್ರೆ ನಾನೇ ಮುಡಕಂಡಂಗಿತ್ತಲ್ಲೇ..."

ಅವಳ ಸೀಸೆ ಒಡೆದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಂಬಿಕಾಳಿಗೂ ಗೊತ್ತಿರಲಿಲ್ಲ. ಅವಳು ಮಂಚದ ಎದುರಿಗೆ, ತುತ್ತು ಕಲಸಿದ ತಟ್ಟೆ ಹಿಡಿದು, ತನ್ನದೇ ಸಾವಿನ ಹಾಡು ಕೇಳುತ್ತಾ ನಿಂತಿದ್ದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಂಡಿರಲಿಲ್ಲ. ನೆಂಟರು ಗೋಡೆಗೆ ಆತು ಕೂತಿದ್ದರು. "ಅತ್ತೆ, ನಾನು ಇಲ್ಲೇ ಅದೀನಿ" ಎಂದು ಅವಳು ಮುದುಕಿಯ ಕೈ ಹಿಡಿದಳು. ಮುದುಕಿ ಆ ಕೈಯನ್ನು ಮೂಗಿಗೆ ಒಯ್ದು, ಕಿತ್ತೆಸೆದು, ಇನ್ನೂ ಜೋರಾಗಿ ಅತ್ತಳು.

ನನ್ನನ್ನು ಕಂಡಿದ್ದೇ ಅಂಬಿಕಾ ತಟ್ಟೆ ಕೆಳಗಿಟ್ಟು ಓಡಿಬಂದಳು. ಅಷ್ಟು ಜನರ ಮುಂದೆ ಮಣಿಕಟ್ಟನ್ನು ನನ್ನ ಮೂಗಿಗೆ ಹಿಡಿದಳು.

"ನೇತ್ರಕ್ಕ, ಮೂಸ್ರಿ. ನಿಜ ಹೇಳ್ರಿ. ನಾನು ಹಚ್ಚೀನಿ, ಮೂರು ಸಲ ಹಚ್ಚೀನಿ."

ಮೀನು ಹುರಿದ ವಾಸನೆ, ಬೆವರು, ಎಣ್ಣೆ. ನಾನು ಮತ್ತೊಮ್ಮೆ ಮೂಸಿದೆ.

"ಇಲ್ಲ ಕಣೇ. ಬರೀ ಎಣ್ಣೆ ಐತೆ."

ಅವಳು ಮಗಳ ಕಡೆ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಹೊಸ ಸೀರೆ ಉಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸುಚಿತ್ರಾ ಆ ನೋಟಕ್ಕೆ ಕುಸಿದು ಕೂತಳು. "ಚರಂಡಿಗೆ ಚೆಲ್ಲಿದೆನಮ್ಮ" ಎಂದಳು. "ಇವರು ಏನಂತಾರೋ ಅಂತ ಚೆಲ್ಲಿದೆ. ಅಜ್ಜಿಗೆ ಹಿಂಗಾಗ್ತೈತೆ ಅಂತ ನನಗೆ ಗೊತ್ತಿರಲಿಲ್ಲ."

"ಅಳೋದು ಆಮ್ಯಾಲೆ" ಎಂದೆ ನಾನು. ನನಗೆ ಸಿಟ್ಟು ನೆತ್ತಿಗೇರಿತ್ತು. "ಒಂದು ಹನಿ ಎಲ್ಲಾದ್ರೂ ಉಳಿದೈತಾ, ಅದನ್ನ ಹೇಳು ಮೊದ್ಲು."

ಅವಳು ದಡಬಡಿಸಿ ಎದ್ದು ಒಳಗೆ ಹೋಗಿ ಬ್ಯಾಗನ್ನು ನೆಲಕ್ಕೆ ಸುರಿದಳು. ಪ್ಲಾಸ್ಟಿಕ್ ಕವರು ಬಿಚ್ಚಿ ವೇಲು ಎಳೆದದ್ದೇ ತಡ, ನಡುಮನೆ ತುಂಬಿಹೋಯಿತು. ಊದಿನಕಡ್ಡಿ, ಮೀನು ಎಲ್ಲವೂ ಅದರಡಿಗೆ ಮುಚ್ಚಿಹೋದವು. ಸುಚಿತ್ರಾ ಅಮ್ಮನ ಮುಂದೆ ಮಂಡಿಯೂರಿ, ಅಷ್ಟು ದಿನ ಯಾವ ಘಮಕ್ಕೆ ನಾಚಿದ್ದಳೋ ಅದನ್ನೇ ಅವಳ ಬಲಗೈಗೆ, ಬೆರಳು ಬೆರಳಿಗೆ, ತಿಕ್ಕಿ ತಿಕ್ಕಿ ಒರೆಸಿದಳು. ಆ ನೇಮದ ಬೀಗಿತ್ತಿ ಎದುರಿಗೇ ಕೂತು ನೋಡುತ್ತಿದ್ದಳು. ಹುಡುಗಿಗೆ ಆಗ ಅದರ ಪರಿವೆ ಇರಲಿಲ್ಲ.

ಅಂಬಿಕಾ ಮಂಚದ ಮೇಲೆ ಕೂತು ಕೈ ಮುಂದೆ ಚಾಚಿದಳು.

ಹಾಡು ಅರ್ಧಕ್ಕೆ ನಿಂತಿತು. ಮುದುಕಿಯ ಮೂಗಿನ ಹೊಳ್ಳೆ ಅರಳಿತು. ಗಾಳಿಯಲ್ಲಿ ತಡಕಾಡಿ, ಕೈ ಸಿಕ್ಕಿ, ಮೂಗಿಗೆ ಒತ್ತಿ, ಕೆನ್ನೆಗೆ ಒತ್ತಿ, ಮತ್ತೆ ಮೂಗಿಗೆ ಒತ್ತಿದಳು. ಆಮೇಲೆ ತನ್ನ ಒಣಗಿದ ಕೈಯೆತ್ತಿ ಸೊಸೆಯ ತೋಳಿಗೆ ಪಟ್ಟನೆ ಒಂದು ಏಟು ಕೊಟ್ಟಳು.

"ಎಲ್ಲಿ ಸತ್ತಿದ್ದೆ ಇಷ್ಟೊತ್ತು?"

ಹೇಳಿ, ಬಾಯಿ ತೆರೆದು ಕೂತಳು.

ಅಂಬಿಕಾ ತುತ್ತಿಟ್ಟಳು. ನಿನ್ನೆಯಿಂದ ಖಾಲಿ ಹೊಟ್ಟೆ. ಮುದುಕಿ ಗಬಗಬ ನುಂಗುತ್ತಿದ್ದಳು. ಪ್ರತಿ ತುತ್ತಿಗೂ ಒಮ್ಮೆ ಮೂಸುತ್ತಿದ್ದಳು.

ಗಿಡ್ಡಪ್ಪ ಟವೆಲ್ ಕೊಡವಿ ಎದ್ದು ನಿಂತ. "ಅಕ್ಕಾ, ನಡಿ ಹೋಗಾನ. ಒಳ್ಳೇ ಕೆಲಸಕ್ಕೆ ಅಂತ ಬಂದ್ರೆ ಬದುಕಿರೋರಿಗೆ ಸಾವಿನ ಹಾಡು. ಶಕುನ ಸರಿ ಇಲ್ಲ."

"ಕೂತ್ಕಳೋ ಗಿಡ್ಡಪ್ಪ" ಎಂದಳು ತಿಪ್ಪಮ್ಮ. ನಾನು ಬಂದಾಗಿನಿಂದ ಆಕೆ ದನಿ ಎತ್ತಿದ್ದು ಅದೇ ಮೊದಲು. "ಇಲ್ಲಿ ಯಾರೂ ಸತ್ತಿಲ್ಲ. ನಾನು ಸತ್ತರೆ ಹಿಂಗೆ ಅಳೋ ಅತ್ತೆ ನನಗಿರಲಿಲ್ಲ."

ಅವಳು ಎದ್ದು ಸುಚಿತ್ರಾಳ ಹತ್ತಿರ ಬಂದಳು. ಹುಡುಗಿ ವೇಲನ್ನು ಮುದುರಿ ಬೆನ್ನ ಹಿಂದೆ ಇಟ್ಟುಕೊಳ್ಳಲು ಹೋದಳು. ತಿಪ್ಪಮ್ಮ ಬಿಳಿ ಸೆರಗನ್ನು ಹಿಂದೆ ಸರಿಸಿ ತನ್ನ ಬರಿಗೈ ಮುಂದೆ ಚಾಚಿದಳು. ಬಳೆ ಇಲ್ಲದ ಮಣಿಕಟ್ಟು, ಎಷ್ಟೋ ವರ್ಷದಿಂದ ಏನನ್ನೂ ಕಂಡಿರದ ಮಣಿಕಟ್ಟು.

"ತಗಾ ಮಗಾ, ನನಗೂ ಇಲ್ಲಿಗೊಂಚೂರು ಒರಸು."

ಸುಚಿತ್ರಾ ಮುದುರಿದ್ದ ವೇಲನ್ನು ಬಿಡಿಸಿದಳು. ಒರೆಸಿದಳು. ತಿಪ್ಪಮ್ಮ ಮಣಿಕಟ್ಟನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದಳು, ಬಹಳ ಹೊತ್ತು ತೆರೆಯಲಿಲ್ಲ. ಅವಳ ಮಗ ತಲೆ ತಗ್ಗಿಸಿ ಕೂತಿದ್ದ. ನಾನು ಊದಿನಕಡ್ಡಿಯನ್ನು ಕಿತ್ತು ಹೊರಗೆ ಎಸೆದು ಬಂದೆ.

ಊಟ ಬಡಿಸಿದ್ದು ನಾನು ಮತ್ತು ಸುಚಿತ್ರಾ. ಅಂಬಿಕಾ ಏಳುವ ಹಾಗಿರಲಿಲ್ಲ. ಮುದುಕಿ ಉಂಡವಳು ಸೊಸೆಯ ಎಂಜಲು ಕೈಯನ್ನು ಎದೆಗೆ ಅವಚಿಕೊಂಡೇ ನಿದ್ದೆ ಹೋಗಿದ್ದಳು. "ಕೈ ತೊಳಕಾಬ್ಯಾಡ" ಎಂದು ಹೇಳಿ ಮಲಗಿದ್ದಳು. ಹೊರಡುವಾಗ ತಿಪ್ಪಮ್ಮ ಮಂಚದ ಹತ್ತಿರ ಬಂದು, "ಏಳಬ್ಯಾಡ್ರಿ, ಹಂಗೇ ಕುಂದ್ರಿ. ಮಿಕ್ಕಿದ್ದು ಜಗಳೂರಿಗೆ ಬಂದಾಗ ಮಾತಾಡಾನ" ಎಂದಳು. ಗಿಡ್ಡಪ್ಪ ಮುಖ ಗಂಟಿಕ್ಕಿಕೊಂಡೇ ಚಪ್ಪಲಿ ಮೆಟ್ಟಿದ. ಅವರನ್ನು ಬಸ್ಸಿನವರೆಗೆ ಬಿಡಲು ಸುಚಿತ್ರಾ ಹೋದಳು.

ಮನೆಯಲ್ಲಿ ನಾವು ಮೂವರೇ ಉಳಿದೆವು. ಅಂಬಿಕಾ ಮೆಲ್ಲಗೆ ಬಗ್ಗಿ, ಅತ್ತೆ ಅವಚಿಕೊಂಡಿದ್ದ ತನ್ನ ಕೈಯ ಹತ್ತಿರ ಮೂಗು ಒಯ್ದು ಉಸಿರೆಳೆದಳು. ಮತ್ತೊಮ್ಮೆ ಎಳೆದಳು. ಏನೂ ಬರಲಿಲ್ಲ ಎಂಬುದು ಅವಳ ಮುಖದಲ್ಲೇ ಕಂಡಿತು.

"ನೇತ್ರಕ್ಕ, ನೀವು ದಿನಾ ಸಾಕು, ಹೆಚ್ಚಾತು ಅಂತ ಅಷ್ಟೇ ಹೇಳ್ತೀರಿ. ಅದು ಹೆಂಗಿರ್ತೈತೆ ಅಂತ ನನಗೆ ಮರೆತೇ ಹೋಗೈತೆ. ಹೇಳ್ರಿ."

ನಾನು ಮಂಚದ ಕೆಳಗೆ ಕೂತು ಅವಳ ಕೈ ಮೂಸಿದೆ. ಅಲ್ಲಿಯವರೆಗೆ ಯಾವತ್ತೂ ಅಷ್ಟು ಗಮನ ಕೊಟ್ಟು ಮೂಸಿರಲಿಲ್ಲ.

"ಮೊದ್ಲು ಮೂಗಿಗೆ ಚುರ್ ಅಂತೈತೆ, ಹಸಿ ಕಾಂಡ ಮುರಿದಂಗೆ" ಎಂದೆ. "ಆಮ್ಯಾಲೆ ಸಿಹಿ, ಗುಲ್ಕನ್ ಡಬ್ಬಿ ಮುಚ್ಚಳ ತೆಗೆದಂಗೆ. ಒಂದೊಂದೇ ಎಸಳು ಬಿಡಿಸ್ಕಂತಾ ಹೋಗ್ತೈತೆ. ಹೊತ್ತು ಕಳೆದಂಗೆ ಸಿಹಿ ಇಳಿದು ಕೆಳಗಿನ ಗಂಧ ಬರ್ತೈತೆ. ಈಗ ಅದೇ ಬರ್ತೈತೆ ನೋಡು, ಮೈ ಬಿಸಿ ತಾಗಿ. ಅದಕ್ಕೆ ಅನ್ನದ ವಾಸನೆನೂ ಸೇರೈತೆ. ನಿಮ್ಮತ್ತೆ ಉಸುರೂ ಸೇರೈತೆ."

"ಚೆನ್ನಾಗೈತಾ?"

"ಚೆನ್ನಾಗೈತೆ ಕಣೇ. ಬೀದಿ ತುಂಬ ಐತೆ."

ಅವಳು ನಕ್ಕಳು, ಮತ್ತೆ ಅತ್ತಳು. ಹೊರಗೆ ಹೊತ್ತು ಇಳಿಯುತ್ತಿತ್ತು, ಒಲೆ ಹಚ್ಚಬೇಕಿತ್ತು. ಅನ್ನದ ಅಗುಳು ಒಣಗಿ ಅಂಟಿಕೊಂಡಿದ್ದ ಕೈಯನ್ನು ಬಿಡಿಸಿಕೊಳ್ಳದೆ ಅವಳು ಹಾಗೆಯೇ ಕೂತಿದ್ದಳು.